ನಾಯಿಗೆ ಕಲಿಸುವ ಕೆಲಸ: ಬಂಡವಾಳ ಕಡಿಮೆ, ಜವಾಬ್ದಾರಿ ಜಾಸ್ತಿ

ನಮ್ಮ ಕಡೆ ಹುಡುಗರು ಪಿಯುಸಿ, ಐಟಿಐ, ಡಿಗ್ರಿ ಮುಗಿಸಿದ ಮೇಲೆ ಕಾಣುವ ದಾರಿ ಎರಡೇ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ನರಸಾಪುರಕ್ಕೋ, ವೇಮಗಲ್‌ಗೋ, ಮಾಲೂರಿಗೋ ಹೋಗುವುದು. ಇಲ್ಲವಾದರೆ ಬೆಂಗಳೂರಿನ ರೈಲು ಹಿಡಿಯುವುದು. ಹೆಣ್ಣುಮಕ್ಕಳಿಗಂತೂ ಡೇರಿಗೆ ಹಾಲು ಹಾಕುವುದು, ರೇಷ್ಮೆ ಹುಳು ಸಾಕುವುದು ಬಿಟ್ಟರೆ ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ನೋಡುವ ಕೆಲಸ ಕಡಿಮೆ. ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಿಸಬಹುದು ಅಂತ ಹೇಳುವುದಕ್ಕೆ ಈ ಬರಹ. ಅದು ನಾಯಿಗೆ ಕಲಿಸುವ ಕೆಲಸ.

ಕೇಳಿದ ತಕ್ಷಣ ನಗು ಬರುವುದು ಸಹಜ. ‘ನಾಯಿಗೂ ಮೇಷ್ಟ್ರಾ?’ ಅಂತ ಅರಳಿಕಟ್ಟೆ ಮೇಲೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ‘ನಾಯಿ ಬಾಲ ಡೊಂಕು’ ಅನ್ನುವ ಗಾದೆಯನ್ನೂ ಜೊತೆಗೆ ಸೇರಿಸುತ್ತಾರೆ. ಬಾಲ ನೆಟ್ಟಗೆ ಮಾಡಿ ಅಂತ ಯಾರೂ ದುಡ್ಡು ಕೊಡುವುದಿಲ್ಲ. ಕರೆದರೆ ಬರಲಿ, ಗೇಟು ತೆಗೆದರೆ ರಸ್ತೆಗೆ ಓಡದಿರಲಿ, ಮನೆಗೆ ಬಂದ ನೆಂಟರ ಮೈಮೇಲೆ ಹಾರದಿರಲಿ, ಮಕ್ಕಳನ್ನು ಕಚ್ಚದಿರಲಿ. ಜನ ಕೇಳುವುದು ಇಷ್ಟೇ, ಮತ್ತು ಇಷ್ಟನ್ನು ಕಲಿಸಬಹುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಈ ಕೆಲಸವನ್ನು ಮನೆಯಿಂದ ಶುರು ಮಾಡಬಹುದು. ಆದರೆ ಕಚ್ಚುವ ನಾಯಿ ತಯಾರು ಮಾಡಿ ಕೊಡುವುದಕ್ಕೆ, ಮರಿ ಹಾಕಿಸಿ ಮಾರುವುದಕ್ಕೆ ಇಳಿದರೆ ಊರಿಗೆ ಕೆಡುಕು, ನಿಮಗೂ ಕೆಡುಕು. ಜನರ ಮಧ್ಯೆ ಬದುಕಬಲ್ಲ ನಾಯಿಯನ್ನು ತಯಾರು ಮಾಡುವುದು, ಅದರ ಜೊತೆ ಹೇಗಿರಬೇಕು ಅಂತ ಮನೆಯವರಿಗೆ ಕಲಿಸುವುದು, ಇದೇ ಕಸುಬು.

ಗಿರಾಕಿ ಯಾರು?

ಹಳ್ಳಿಯಲ್ಲಿ ಯಾರೂ ದುಡ್ಡು ಕೊಟ್ಟು ನಾಯಿಗೆ ಪಾಠ ಹೇಳಿಸುವುದಿಲ್ಲ ಅನ್ನುವ ಮಾತು ನಿಜ. ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಬೇಕು. ಮೊದಲ ಗಿರಾಕಿಗಳು ಕೋಲಾರದ ಹೊಸ ಬಡಾವಣೆಗಳಲ್ಲಿ, ಮಾಲೂರಿನ ಸುತ್ತ ಬೆಂಗಳೂರಿನವರು ಕಟ್ಟಿಕೊಂಡ ತೋಟದ ಮನೆಗಳಲ್ಲಿ, ಕಾರ್ಖಾನೆ ಕೆಲಸಕ್ಕೆ ಬಂದು ಬಾಡಿಗೆ ಮನೆ ಹಿಡಿದವರಲ್ಲಿ ಸಿಗುತ್ತಾರೆ. ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಕೋಳಿ ಫಾರಂ, ಟೊಮೆಟೊ ತೋಟ ಇಟ್ಟುಕೊಂಡವರು ಎರಡನೇ ಗುಂಪು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಏರಿದಾಗ ತೋಟಕ್ಕೆ ರಾತ್ರಿ ಕಾವಲು ಹಾಕಿದ್ದು ಯಾರೂ ಮರೆತಿಲ್ಲ. ಆಗ ಎಷ್ಟೋ ಜನಕ್ಕೆ ಒಂದು ಒಳ್ಳೆಯ ನಾಯಿ ಇದ್ದಿದ್ದರೆ ಅನ್ನಿಸಿತ್ತು.

ಇವರ ಮನೆಗಳಲ್ಲಿ ನಡೆಯುವುದು ಹೆಚ್ಚುಕಮ್ಮಿ ಒಂದೇ ಕಥೆ. ಮಕ್ಕಳು ಹಟ ಮಾಡಿದರು ಅಂತ ಲ್ಯಾಬ್ರಡಾರ್ ಮರಿಯೋ, ಜರ್ಮನ್ ಶೆಫರ್ಡ್ ಮರಿಯೋ ತರುತ್ತಾರೆ. ಮೂರು ತಿಂಗಳು ಎಲ್ಲರೂ ಎತ್ತಿ ಆಡಿಸುತ್ತಾರೆ. ಆರು ತಿಂಗಳಿಗೆ ಅದು ಬೆಳೆದು ಎಳೆದಾಡುತ್ತದೆ, ಚಪ್ಪಲಿ ಕಡಿಯುತ್ತದೆ. ಆಮೇಲೆ ಗೇಟಿನ ಪಕ್ಕ ಸರಪಳಿ ಬೀಳುತ್ತದೆ. ದಿನವಿಡೀ ಕಟ್ಟಿಹಾಕಿದ ನಾಯಿ ರೇಗುತ್ತದೆ, ದಾರಿಹೋಕರಿಗೆಲ್ಲ ಬೊಗಳುತ್ತದೆ. ಕೊನೆಗೆ ಯಾರಿಗೋ ಕೊಟ್ಟುಬಿಡುತ್ತಾರೆ, ಇಲ್ಲವೇ ಹೆದ್ದಾರಿ ಬದಿಯಲ್ಲಿ ಇಳಿಸಿ ಹೋಗುತ್ತಾರೆ. ಆರನೇ ತಿಂಗಳಲ್ಲಿ ಸರಪಳಿಯ ಬದಲು ಒಬ್ಬ ಕಲಿಸುವವರು ಆ ಮನೆಗೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಕಟ್ಟಿಹಾಕುವ ವಿಷಯವೂ ಇದೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಯಾವಾಗಲೂ ಕಟ್ಟಿಟ್ಟ ನಾಯಿಯನ್ನು ಓಡಾಡಿಸದೆ ಇರುವುದು, ಎರಡೂ ಅಪರಾಧ. ಹೊಡೆಯುವುದು, ಒದೆಯುವುದು ಕೂಡ ಅದೇ ಸೆಕ್ಷನ್‌ಗೆ ಬರುತ್ತದೆ.

ಕಸುಬು ನಮಗೆ ಹೊಸದಲ್ಲ

ಡೇರಿ ಹಸು ಸಾಕಿದ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಕೆಟ್ಟು ಸದ್ದಾದರೆ ಸಾಕು, ಹಸು ಕಿವಿ ನೆಟ್ಟಗೆ ಮಾಡುತ್ತದೆ, ಕೆಲವು ಹಸು ಸೊರ ಇಳಿಸಿಬಿಡುತ್ತವೆ. ಬಕೆಟ್ಟು ಸದ್ದಿನ ಹಿಂದೆಯೇ ಬೂಸಾ ಬರುತ್ತದೆ ಅಂತ ಅದಕ್ಕೆ ಗೊತ್ತು. ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನೇ ನಾಯಿಗಳಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಊಟಕ್ಕೆ ಮುಂಚೆ ಒಂದು ಸದ್ದು ಮಾಡುತ್ತ ಹೋದರೆ, ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರು ಬರುತ್ತದೆ. ಇವತ್ತು ಜಗತ್ತಿನಲ್ಲಿ ನಾಯಿಗೆ ಕಲಿಸುವ ಒಳ್ಳೆಯ ವಿಧಾನಗಳಿಗೆ ಇದೇ ತಳಪಾಯ. ನಮ್ಮ ಕೊಟ್ಟಿಗೆಯಲ್ಲಿ ದಿನಾ ಎರಡು ಹೊತ್ತು ನಡೆಯುವುದೂ ಇದೇ. ನೊಗಕ್ಕೆ ಎತ್ತು ಪಳಗಿಸಿದ ಅಜ್ಜಂದಿರು ಇನ್ನೂ ಊರಲ್ಲಿದ್ದರೆ ಅವರ ಹತ್ತಿರ ಕೂತು ಮಾತಾಡಿ. ಪ್ರಾಣಿಗೆ ಹೆದರಿಕೆ ಆಗಿದೆಯಾ, ಕೋಪ ಬಂದಿದೆಯಾ ಅಂತ ಕಿವಿ, ಕಣ್ಣು ನೋಡಿ ಹೇಳುವ ಜನ ಅವರು.

ನಾಯಿಯನ್ನು ಕೀಳಾಗಿ ನೋಡುವುದು ನಮ್ಮ ಬೈಗುಳದಲ್ಲಿದೆ, ಆದರೆ ನಮ್ಮ ಇತಿಹಾಸ ಬೇರೆ ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಹೊತ್ತಿನಲ್ಲಿ ಕಾಳಿ ಅನ್ನುವ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಕಾಡುಹಂದಿ ಜೊತೆ ಹೋರಾಡಿ ಸತ್ತ ನಾಯಿ ಅದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಸೀತಿ ಬೆಟ್ಟದ ಭೈರವೇಶ್ವರನಿಗೆ ಕೈ ಮುಗಿಯುವವರಿಗೆ ಭೈರವನ ವಾಹನ ನಾಯಿ ಅನ್ನುವುದು ಗೊತ್ತೇ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. 2016ರಲ್ಲಿ ಅದೇ ತಳಿಯ ಮರಿಗಳನ್ನು ಸೇನೆಯವರು ಮೀರತ್‌ಗೆ ತರಬೇತಿಗೆ ಕರೆದುಕೊಂಡು ಹೋದರು. ನಾಯಿ ಜೊತೆ ಕೆಲಸ ಮಾಡುವುದು ಮರ್ಯಾದೆ ಕಡಿಮೆಯ ಕೆಲಸ ಅಂತ ಯಾರಾದರೂ ಹೇಳಿದರೆ ಇಷ್ಟು ಹೇಳಿ ಮುಂದೆ ಹೋಗಿ.

ಪಾಠ ಮೊದಲು ಮನೆಯವರಿಗೆ

‘ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ’ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ನಾಯಿ ಹೇಳಿದ್ದು ಕೇಳದಿರುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ನಮ್ಮ ಮನೆಗಳಲ್ಲಿ ಎರಡು ಮೂರು ಭಾಷೆ. ಅಪ್ಪ ‘ಬಾ’ ಅಂತಾರೆ, ಅಜ್ಜಿ ‘ರಾ’ ಅಂತಾರೆ, ಇಂಗ್ಲಿಷ್ ಮೀಡಿಯಂ ಮಗ ‘ಕಮ್’ ಅಂತಾನೆ, ಪಕ್ಕದ ಮನೆಯವರು ‘ಆವ್’ ಅಂತಾರೆ. ಪಾಪ, ನಾಯಿ ಯಾವುದನ್ನು ಹಿಡಿಯಬೇಕು? ಮೊದಲ ದಿನ ನಾಯಿಯನ್ನು ಮುಟ್ಟುವುದಕ್ಕೆ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಐದು ಮಾತು ತೀರ್ಮಾನ ಮಾಡಿ: ಬಾ, ಕೂತ್ಕೋ, ನಿಲ್ಲು, ಬಿಡು, ಜಾಗಕ್ಕೆ ಹೋಗು. ಯಾವ ಭಾಷೆ ಆದರೂ ಪರವಾಗಿಲ್ಲ, ಎಲ್ಲರ ಬಾಯಲ್ಲೂ ಅದೇ ಮಾತು ಬರಬೇಕು. ಒಂದೇ ಸಲ ಹೇಳಬೇಕು.

ವಿಧಾನ ಸರಳ. ನಾಯಿ ನೀವು ಹೇಳಿದ್ದು ಮಾಡಿದ ಕೂಡಲೇ, ಒಂದೆರಡು ಸೆಕೆಂಡಿನೊಳಗೆ, ‘ಭಲೇ’ ಅಂತ ಹೇಳಿ ಚೂರು ತಿನಿಸು ಕೊಡಿ. ತಡವಾದರೆ ಯಾವುದಕ್ಕೆ ಕೊಟ್ಟಿದ್ದು ಅಂತ ಅದಕ್ಕೆ ತಿಳಿಯುವುದಿಲ್ಲ. ಬೇಯಿಸಿದ ಕೋಳಿ ಮಾಂಸದ ಚೂರು, ಮೊಟ್ಟೆಯ ಚೂರು ಸಾಕು, ಕಡಲೆಕಾಳಿನಷ್ಟು ದೊಡ್ಡದಿದ್ದರೆ ಸರಿ. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಮಾವಿನ ವಾಟೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು, ಸುಗ್ಗಿಯಲ್ಲಿ ತೋಪಿನ ಮನೆಯವರಿಗೆ ಇದನ್ನು ತಪ್ಪದೆ ಹೇಳಿ. ಒಂದು ಪಾಠ ಐದರಿಂದ ಹತ್ತು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಮಾತ್ರ. ಮಧ್ಯಾಹ್ನದ ಟಾರು ರಸ್ತೆಯಲ್ಲಿ ಅದರ ಕಾಲು ಸುಡುತ್ತದೆ.

ದಿನಾ ಕಲಿಸುವವರು ಮನೆಯವರು. ನೀವು ವಾರಕ್ಕೆ ಎರಡು ಸಲ ಹೋಗಿ ತೋರಿಸಿ, ತಿದ್ದಿ ಬರುವವರು. ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ. ‘ನಾಯಿ ಬಿಟ್ಟು ಹೋಗ್ತೀವಿ, ಕಲಿಸಿ ಕೊಡಿ’ ಅನ್ನುವವರಿಗೆ ನಿಮ್ಮ ಹತ್ತಿರ ಕಲಿತ ನಾಯಿ ಅವರ ಹತ್ತಿರ ಹಳೇ ಚಾಳಿಗೇ ಬರುತ್ತದೆ ಅಂತ ತಿಳಿಸಿ.

‘ಕಚ್ಚೋ ಹಾಗೆ ಮಾಡಿಕೊಡಿ’ ಅಂದರೆ

ಈ ಕಸುಬಿಗೆ ಇಳಿದವರಿಗೆ ಬರುವ ಮೊದಲ ದೊಡ್ಡ ಪರೀಕ್ಷೆ ಇದು. ತೋಟದವರು, ಫಾರಂನವರು ಕೇಳುವುದೇ ಹೀಗೆ. ‘ಕಳ್ಳ ಬಂದರೆ ಹಿಡಿದು ಹಾಕಬೇಕು, ಅಂಥ ನಾಯಿ ಮಾಡಿಕೊಡಿ, ಎಷ್ಟಾದರೂ ಕೊಡ್ತೀವಿ.’ ಒಪ್ಪಬೇಡಿ.

ಯಾಕೆ ಅಂತ ಯೋಚಿಸಿ. ತೋಟಕ್ಕೆ ಕಳ್ಳ ಬರುವುದು ವರ್ಷಕ್ಕೆ ಒಂದು ಸಲವೋ ಎರಡು ಸಲವೋ. ಕೂಲಿಯವರು ದಿನಾ ಬರುತ್ತಾರೆ. ಮಾವು ಕೀಳಲು, ಟೊಮೆಟೊ ಬಿಡಿಸಲು ಬೆಳಕು ಹರಿಯುವ ಮುಂಚೆ ಬರುವ ಹೆಂಗಸರು, ಅವರ ಜೊತೆ ಬರುವ ಮಕ್ಕಳು, ಹಾಲಿಗೆ ಬರುವವರು, ಲೈನ್‌ಮನ್, ಪೋಸ್ಟ್‌ಮ್ಯಾನ್. ಕಚ್ಚಲು ಕಲಿತ ನಾಯಿಗೆ ಕಳ್ಳ ಯಾರು, ಕೂಲಿಯವಳ ಮಗು ಯಾವುದು ಅಂತ ಗೊತ್ತಾಗುವುದಿಲ್ಲ. ಪೊಲೀಸ್ ನಾಯಿಗಳ ಮಾತು ಬೇರೆ. ಬೆಂಗಳೂರಿನ ಆಡುಗೋಡಿಯ ಶ್ವಾನದಳದಂಥ ಕಡೆ ಒಂದು ನಾಯಿಗೆ ಅದರದೇ ಸಿಬ್ಬಂದಿ ಇರುತ್ತಾರೆ, ದಿನಾ ಅಭ್ಯಾಸ ಇರುತ್ತದೆ, ಹಗ್ಗ ಯಾವಾಗಲೂ ಒಬ್ಬರ ಕೈಯಲ್ಲಿರುತ್ತದೆ. ರಾತ್ರಿ ತೋಟದಲ್ಲಿ ಒಂಟಿಯಾಗಿ ಬಿಟ್ಟ ನಾಯಿಗೆ ಅದು ಯಾವುದೂ ಇಲ್ಲ.

ಕಾನೂನೂ ಸುಮ್ಮನಿಲ್ಲ. ಸಾಕುಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುತ್ತೋಲೆ ಹೋಯಿತು ಅಂದಮಾತ್ರಕ್ಕೆ ಸಾಕಿದವರ ಹೊಣೆ ಹೋಗಲಿಲ್ಲ.

ತೋಟದವರಿಗೆ ಬೇಕಾಗಿರುವುದು ಬೊಗಳಿ ಎಬ್ಬಿಸುವ ನಾಯಿ. ಬೇಲಿ ದಾಟದ, ಯಜಮಾನ ‘ಸಾಕು’ ಅಂದರೆ ನಿಲ್ಲಿಸುವ, ಪರಿಚಯ ಮಾಡಿಸಿದ ಕೂಲಿಯವರನ್ನು ಗುರುತು ಹಿಡಿಯುವ ನಾಯಿ. ನಮ್ಮ ನಾಟಿ ನಾಯಿ ಈ ಕೆಲಸಕ್ಕೆ ಸಾಕು. ಬಿಸಿಲು ತಡೆಯುತ್ತದೆ, ಮನೆ ಊಟ ತಿನ್ನುತ್ತದೆ. ಆದರೆ ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ನಂಬಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. ಮೈ ಬಿಗಿಹಿಡಿದು ನಿಂತಿತು, ತುಟಿ ಎತ್ತಿತು, ಕಣ್ಣಿನ ಬಿಳಿ ಕಾಣಿಸಿತು ಅಂದರೆ ಅಲ್ಲಿಗೆ ನಿಲ್ಲಿಸಿ ಹಿಂದೆ ಸರಿಯಿರಿ. ಬಾಲ ಆಡಿಸುತ್ತಿದೆ ಅಂದಮಾತ್ರಕ್ಕೆ ಖುಷಿಯಾಗಿದೆ ಅಂತಲೂ ಅಲ್ಲ. ಆಗಲೇ ಇಬ್ಬರು ಮೂವರಿಗೆ ಕಚ್ಚಿರುವ ನಾಯಿಯನ್ನು ಹೊಸಬರು ಮುಟ್ಟಬಾರದು.

ಸೂಜಿ ಮೊದಲು, ಪಾಠ ಆಮೇಲೆ

ರೇಬೀಸ್ ಲಸಿಕೆ ಹಾಕಿಸದ ನಾಯಿಗೆ ಪಾಠ ಇಲ್ಲ. ಇದು ನಿಮ್ಮ ಅಂಗಡಿಯ ಮೊದಲ ಬೋರ್ಡು ಆಗಿರಲಿ. ಮರಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ಆಮೇಲೆ ಪಶುವೈದ್ಯರು ಹೇಳಿದಂತೆ ಇನ್ನೊಂದು, ಮುಂದೆ ವರ್ಷ ವರ್ಷ. ಲಸಿಕೆ ಪುಸ್ತಕದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡ ಮೇಲೆ ಹೊರಡಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ಹಾಕುವುದುಂಟು, ಊರಿನವರಿಗೆ ತಿಳಿಸುವ ಕೆಲಸ ನೀವು ವಹಿಸಿಕೊಳ್ಳಿ. ಮರಿಗಳಿಗೆ ಪಾರ್ವೊ ಅನ್ನುವ ವಾಂತಿ ಭೇದಿ ರೋಗವೂ ಬರುತ್ತದೆ. ಅದರ ಲಸಿಕೆ ಮುಗಿಯದ ಮರಿಯನ್ನು ಬೇರೆ ನಾಯಿ ಓಡಾಡುವ ಅಂಗಳಕ್ಕೆ ತರಿಸಬೇಡಿ.

ನೀವೂ ಹಾಕಿಸಿಕೊಳ್ಳಿ. ನಾಯಿ ಜೊತೆ ಕೆಲಸ ಮಾಡುವವರಿಗೆ ಕಚ್ಚುವ ಮುಂಚೆಯೇ ಕೊಡುವ ರೇಬೀಸ್ ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ. ಕಚ್ಚಿದರೆ ಅಥವಾ ಉಗುರು ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲ ಡೋಸೂ ಮುಗಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಇಲ್ಲ.

ಲೆಕ್ಕ ಹಾಕಿ ನೋಡೋಣ

ಈ ಕೆಲಸಕ್ಕೆ ಬೇಕಾಗುವ ಸಾಮಾನು ಸ್ವಲ್ಪ. ಆರು ಅಡಿಯ ಗಟ್ಟಿ ಪಟ್ಟಿ, 30 ಅಡಿಯ ನೂಲಿನ ಹಗ್ಗ, ಅಗಲದ ಕುತ್ತಿಗೆ ಪಟ್ಟಿ, ಎತ್ತಿಗೆ ಹಾಕುವ ಬಾಯಿಕುಕ್ಕೆಯಂಥದ್ದೇ ನಾಯಿಯ ಬಾಯಿಕುಕ್ಕೆ, ತಿನಿಸಿಗೆ ಸೊಂಟದ ಚೀಲ, ಒಂದು ನೋಟ್‌ಬುಕ್ಕು. ಇದಕ್ಕೆ ಮೈಕ್ರೋಫೈನಾನ್ಸ್ ಸಾಲ ಬೇಡ, ಸಂಘದ ಸಾಲವೂ ಬೇಡ.

ಆದಾಯದ ಲೆಕ್ಕವನ್ನು ಉದಾಹರಣೆಯಾಗಿ ನೋಡಿ, ದರ ನಿಮ್ಮ ಊರಿನ ಮೇಲೆ. ಒಂದು ಮನೆಗೆ ವಾರಕ್ಕೆ ಎರಡು ಸಲದಂತೆ ಆರು ವಾರ, ಅಂದರೆ 12 ಪಾಠ. ಪಾಠಕ್ಕೆ 400 ರೂಪಾಯಿ ಅಂತ ಹಿಡಿದರೆ 4,800. ಪೆಟ್ರೋಲ್ ಸಲಕ್ಕೆ 60ರಂತೆ 720, ತಿನಿಸಿಗೆ 300 ಕಳೆದರೆ ಉಳಿಯುವುದು 3,780. ಒಂದೇ ಹೊತ್ತಿನಲ್ಲಿ ನಾಲ್ಕು ಮನೆ ಇದ್ದರೆ ಆರು ವಾರಕ್ಕೆ 15,120. ತಿಂಗಳಿಗೆ ಹತ್ತು ಸಾವಿರದ ಆಸುಪಾಸು. ವಾರಕ್ಕೆ ಎಂಟು ಪಾಠ, ಅದೂ ಹಾಲು ಹಾಕಿ ಬಂದ ಮೇಲೆ. ಇದು ಹಸು ಮಾರಿ ಬರುವಷ್ಟು ದೊಡ್ಡ ದಾರಿ ಅಲ್ಲ, ಹಸುವಿನ ಜೊತೆಗೆ ನಡೆಯುವ ದಾರಿ. ನಾಲ್ಕು ಮನೆ ಸಿಗುವುದಕ್ಕೂ ತಿಂಗಳುಗಳು ಬೇಕಾಗಬಹುದು.

ನಾಯಿಗಳನ್ನು ಮನೆಯಲ್ಲಿ ತಂದಿಟ್ಟುಕೊಂಡು ಕಲಿಸಿದರೆ ಹೆಚ್ಚು ದುಡ್ಡು ಬರುತ್ತದೆ, ನಿಜ. ಆದರೆ ಮೊದಲ ವರ್ಷ ಬೇಡ. ನಾಯಿ ಓಡಿಹೋದರೆ, ಕಾಯಿಲೆ ಬಿದ್ದರೆ, ಪಕ್ಕದ ಮನೆ ಮಗುವನ್ನು ಕಚ್ಚಿದರೆ ಹೊಣೆ ನಿಮ್ಮದು. ಮುಂದೆ ಮಾಡುವುದಾದರೆ ಗಟ್ಟಿ ಕಾಂಪೌಂಡು, ಬೇರೆ ಬೇರೆ ಗೂಡು, ಅಕ್ಕಪಕ್ಕದವರ ಒಪ್ಪಿಗೆ ಬೇಕು. ಪಂಚಾಯಿತಿ ಪಿಡಿಒ ಹತ್ತಿರ ಅನುಮತಿ ವಿಷಯ ಕೇಳಿಯೇ ಶುರು ಮಾಡಿ. ಹೆಣ್ಣುಮಕ್ಕಳು ಪರಿಚಯವಿಲ್ಲದ ಮನೆಗೆ ಹೋಗಬೇಕಾದಾಗ ಸಂಘದ ಗೆಳತಿಯೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಇಬ್ಬರಿದ್ದರೆ ಪಾಠಕ್ಕೂ ಅನುಕೂಲ, ಒಬ್ಬರು ನಾಯಿ ಹಿಡಿದರೆ ಇನ್ನೊಬ್ಬರು ಮನೆಯವರಿಗೆ ಹೇಳಬಹುದು.

ಮರಿ ಮಾರುವ ಆಸೆ

ಸ್ವಲ್ಪ ಹೆಸರು ಬಂದ ಮೇಲೆ ಯಾರಾದರೂ ಹೇಳುತ್ತಾರೆ, ‘ಒಂದು ಹೆಣ್ಣು ಲ್ಯಾಬ್ ತಗೋ, ವರ್ಷಕ್ಕೆ ಎರಡು ಸಲ ಮರಿ, ಒಂದೊಂದಕ್ಕೂ ಸಾವಿರಗಟ್ಟಲೆ’ ಅಂತ. ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತದೆ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರಾಟವಾಗದ ಮರಿಗಳು, ಮರಿ ಹಾಕಿ ಹಾಕಿ ಸೋತ ತಾಯಿ ಕೊನೆಗೆ ಹೋಗುವುದು ಬೀದಿಗೆ. ಬೀದಿನಾಯಿ ಜಾಸ್ತಿಯಾಯಿತು ಅಂತ ನಾವೇ ಗ್ರಾಮಸಭೆಯಲ್ಲಿ ಕೂಗಾಡುತ್ತೇವೆ. ಅದನ್ನು ಇನ್ನಷ್ಟು ಹೆಚ್ಚಿಸುವ ಕೆಲಸಕ್ಕೆ ಕಲಿಸುವವರು ಕೈ ಹಾಕಬಾರದು.

ಶುರು ಹೇಗೆ?

ವಕೀಲರಿಗೆ, ಪಶುವೈದ್ಯರಿಗೆ ಇರುವಂಥ ಕಡ್ಡಾಯ ನೋಂದಣಿ ನಾಯಿ ತರಬೇತುದಾರರಿಗೆ ನಮ್ಮಲ್ಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಹಾಗಾಗಿ ಆನ್‌ಲೈನ್‌ನಲ್ಲಿ ಹತ್ತಾರು ಸಾವಿರ ಕೇಳಿ ಸರ್ಟಿಫಿಕೇಟ್ ಕೊಡುವವರಿಗೆ ಮೊದಲೇ ದುಡ್ಡು ಕಟ್ಟಬೇಡಿ. ನಿಮ್ಮ ಮನೆಯ ನಾಟಿ ನಾಯಿಯಿಂದ ಶುರು ಮಾಡಿ. ಅದು ಬೀದಿಯಲ್ಲಿ ಬೇರೆ ನಾಯಿ ಇದ್ದಾಗಲೂ ಕರೆದರೆ ಬರುವವರೆಗೆ ಬಿಡಬೇಡಿ. ಆಮೇಲೆ ಊರಿನಲ್ಲೇ ಐದಾರು ಮನೆಯ ನಾಯಿಗಳಿಗೆ ದುಡ್ಡು ತಗೊಳ್ಳದೆ ಕಲಿಸಿ. ಮೊದಲ ದಿನ ಹೇಗಿತ್ತು, ಆರನೇ ವಾರ ಹೇಗಿದೆ ಅಂತ ಮನೆಯವರ ಒಪ್ಪಿಗೆ ಪಡೆದು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆ ವಿಡಿಯೋಗಳೇ ನಿಮ್ಮ ಸರ್ಟಿಫಿಕೇಟು.

ತಾಲ್ಲೂಕಿನ ಪಶು ಆಸ್ಪತ್ರೆಗೆ ವಾರಕ್ಕೊಮ್ಮೆ ಹೋಗಿ ನಿಂತುಕೊಂಡು ನೋಡಿ. ನಾಯಿ ತರುವವರ ಪರಿಚಯ ಆಗುವುದೂ ಅಲ್ಲೇ. ಪೊಲೀಸ್ ಅಥವಾ ಸೇನೆಯ ಶ್ವಾನದಳದಲ್ಲಿ ಕೆಲಸ ಮಾಡಿ ನಿವೃತ್ತರಾದವರು ಹತ್ತಿರದಲ್ಲಿದ್ದರೆ ಅವರ ಜೊತೆ ಓಡಾಡಿ, ಆದರೆ ಹೊಡೆದು ಕಲಿಸುವವರಾದರೆ ಅದನ್ನು ಮಾತ್ರ ಕಲಿಯಬೇಡಿ. ಹೊಡೆತಕ್ಕೆ ಹೆದರಿ ಕೂತ ನಾಯಿ ಹೊಡೆಯುವವರು ಇಲ್ಲದಾಗ ಮನೆಯ ಮಗುವಿನ ಮೇಲೆ ತಿರುಗಬಹುದು. ನಾಲ್ಕಾರು ಗಿರಾಕಿ ಆದ ಮೇಲೆ ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಸರ್ಕಾರದ ಶುಲ್ಕ ಇಲ್ಲ.

ಈ ಕೆಲಸದಲ್ಲಿ ಕೋಲಾರದ ಎಲ್ಲ ನಿರುದ್ಯೋಗ ಕರಗಿಹೋಗುವುದಿಲ್ಲ. ಒಂದು ಹೋಬಳಿಗೆ ಒಬ್ಬರೋ ಇಬ್ಬರೋ ಬದುಕಬಹುದು. ಆದರೆ ಆ ಒಬ್ಬರಿಂದ ಊರಿಗೆ ಆಗುವ ಉಪಯೋಗ ಅವರ ಸಂಪಾದನೆಗಿಂತ ದೊಡ್ಡದು. ಲಸಿಕೆ ಹಾಕಿಸಿದ ನಾಯಿಗಳು ಹೆಚ್ಚುತ್ತವೆ, ಸರಪಳಿಯಲ್ಲೇ ಕೊಳೆಯುವ ನಾಯಿಗಳು ಕಡಿಮೆಯಾಗುತ್ತವೆ, ಶಾಲೆಗೆ ನಡೆದು ಹೋಗುವ ಮಕ್ಕಳು ಆ ಒಂದು ಗೇಟಿನ ಮುಂದೆ ಓಡಬೇಕಾಗಿರುವುದಿಲ್ಲ. ನಿಮ್ಮ ಊರಲ್ಲಿ ಪ್ರಾಣಿಗಳ ಜೊತೆ ತಾಳ್ಮೆಯಿಂದಿರುವ ಹುಡುಗನೋ ಹುಡುಗಿಯೋ ಇದ್ದರೆ ಈ ಬರಹವನ್ನು ಅವರಿಗೆ ಕಳಿಸಿ. ಅವರನ್ನು ನೋಡಿ ನಗುವ ಮುಂಚೆ ನಿಮ್ಮ ಮನೆಯ ನಾಯಿಯನ್ನು ಒಂದು ಸಲ ಕರೆದು ನೋಡಿ, ಬರುತ್ತದಾ ಅಂತ.